ಗ್ಯಾಸ್ಟ್ರಿಕ್ ಎಂದುಕೊಂಡಿದ್ದೆ

ನಾನು ಹದಿನೆಂಟು ವರ್ಷಗಳಿಂದ ಬಸ್ ನಿರ್ವಾಹಕ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಹಳ್ಳಿ ರೂಟು ನನ್ನದು. ಹಾಲ್ಟಿಂಗ್ ಡ್ಯೂಟಿ ಬಿದ್ದ ದಿನ ಬಸ್ಸಿನಲ್ಲೇ ಮಲಗಿ, ಬೆಳಗ್ಗೆ ಐದೂವರೆಗೆ ಮೊದಲ ಟ್ರಿಪ್ ಹೊರಡಿಸಬೇಕು. ಹಾಗಾಗಿ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗತೊಡಗಿದಾಗ ನನಗೆ ಅನುಮಾನವೇ ಬರಲಿಲ್ಲ, ಡ್ಯೂಟಿಯ ಅಭ್ಯಾಸ ಎಂದುಕೊಂಡೆ. ಆದರೆ ರಜೆಯ ದಿನವೂ ಮೂರಕ್ಕೇ ಎಚ್ಚರ. ಹೊಟ್ಟೆಯಲ್ಲಿ ಹಿಂಡಿದಂತೆ, ಎದೆಯ ಮೇಲೆ ಕೊಬ್ಬರಿ ಮೂಟೆ ಇಟ್ಟಂತೆ. ಬೆಳಕು ಹರಿಯುವವರೆಗೂ ಸೂರು ನೋಡುತ್ತಾ ಬಿದ್ದಿರುತ್ತಿದ್ದೆ.

ಇದು 2023ರ ಮಳೆಗಾಲದ ಮಾತು. ಆ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿತ್ತು, ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಸೊರಗಿದ ಮುಖ ನೋಡಿದವರೆಲ್ಲ ಆ ಜನಜಂಗುಳಿಯ ಕಡೆಗೇ ಬೆರಳು ತೋರಿಸಿದರು. ನನಗೂ ಅದು ಅನುಕೂಲವಾಯಿತು. ನಿಜ ಹೇಳಬೇಕೆಂದರೆ ಜನ ಹೆಚ್ಚಾದದ್ದು ನನಗೆ ತೊಂದರೆಯೇ ಆಗಿರಲಿಲ್ಲ. ತೊಂದರೆಯಾದದ್ದು ಖಾಲಿ ಬಸ್ಸು. ಕೊನೆಯ ಟ್ರಿಪ್ಪಿನಲ್ಲಿ ನಾಲ್ಕೇ ಜನ ಉಳಿದಾಗ ನನ್ನ ತಲೆಯೊಳಗಿನ ಮಾತು ಜೋರಾಗುತ್ತಿತ್ತು.

ಒಂಬತ್ತು ತಿಂಗಳು ಹೊಟ್ಟೆಗೇ ಔಷಧ ತೆಗೆದುಕೊಂಡೆ. ಊಟಕ್ಕೆ ಮುಂಚಿನ ಮಾತ್ರೆ, ಬಾಟಲಿಯ ಗುಲಾಬಿ ಔಷಧ, ಗಂಟಲಿಗೆ ಕೊಳವೆ ಇಳಿಸಿ ಮಾಡಿದ ಪರೀಕ್ಷೆ, ಎರಡು ಸಲ ಇಸಿಜಿ. ಎಲ್ಲದರಲ್ಲೂ ‘ನಾರ್ಮಲ್’. ಯಾವ ವೈದ್ಯರೂ ನನ್ನ ಮನಸ್ಸಿನ ಬಗ್ಗೆ ಕೇಳಲಿಲ್ಲ, ಅದಕ್ಕೆ ಅವರನ್ನು ದೂರುವುದಿಲ್ಲ. ‘ಏನಾಗುತ್ತಿದೆ?’ ಎಂದಾಗಲೆಲ್ಲ ನಾನು ಹೊಟ್ಟೆಯನ್ನೇ ತೋರಿಸುತ್ತಿದ್ದೆ. ನಮ್ಮ ಕಡೆ ಗಂಡಸಿಗೆ ಹೊಟ್ಟೆ ಉರಿಯಬಹುದು, ಸೊಂಟ ಹಿಡಿಯಬಹುದು. ಮನಸ್ಸು ಕೆಟ್ಟಿದೆ ಎಂದರೆ ಕೇಳಿದವರ ಕಣ್ಣಲ್ಲಿ ಬೇರೆಯೇ ಅರ್ಥ ಮೂಡುತ್ತದೆ. ಅಮ್ಮ ಶಾಸ್ತ್ರ ಕೇಳಿಸಿ ತಾಯತ ತಂದಳು. ಕಟ್ಟಿಕೊಂಡೆ, ಅವಳಿಗಾದರೂ ಸಮಾಧಾನವಾಗಲಿ ಎಂದು. ಡಿಪೋದ ಗೆಳೆಯನೊಬ್ಬ ರಾತ್ರಿ ಒಂದು ಕ್ವಾರ್ಟರ್ ಹಾಕಿ ಮಲಗಲು ಹೇಳಿದ. ಅದನ್ನೂ ಮಾಡಿದೆ. ಬೇಗ ನಿದ್ದೆ ಬಂತು, ಆದರೆ ಮೂರರ ಬದಲು ಎರಡಕ್ಕೇ ಎಚ್ಚರವಾಗಿ ಮೊದಲಿಗಿಂತ ಹೀನಾಯವಾಗಿ ಕಳೆಯಿತು. ಕುಡಿತ ನಿದ್ದೆಯನ್ನು ಸಾಲ ಕೊಟ್ಟು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಕೆಲಸದಲ್ಲಿ ಮೊದಲು ಕೆಟ್ಟದ್ದು ಲೆಕ್ಕ. ಟಿಕೆಟ್ ಯಂತ್ರದ ಮೊತ್ತಕ್ಕೂ ಚೀಲದ ಹಣಕ್ಕೂ ತಾಳೆಯಾಗುತ್ತಿರಲಿಲ್ಲ. ಐವತ್ತು ರೂಪಾಯಿ, ಎಂಬತ್ತು ರೂಪಾಯಿ ಕಡಿಮೆ. ಜೇಬಿನಿಂದ ಹಾಕಿ ಕಟ್ಟುತ್ತಿದ್ದೆ. ಹಣದ ಚಿಂತೆಗಿಂತ ‘ಇಷ್ಟೂ ಎಣಿಸಲಾಗದವನು ಇನ್ನೇನಕ್ಕೆ ಬೇಕು’ ಎಂಬ ಮಾತು ರಾತ್ರಿಯೆಲ್ಲ ಕೊರೆಯುತ್ತಿತ್ತು. ಶನಿವಾರದ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವನು ಹೋಗುವುದನ್ನೇ ಬಿಟ್ಟೆ. ಅಳು ಬರುತ್ತಿರಲಿಲ್ಲ. ಖಿನ್ನತೆ ಎಂದರೆ ಅಳುವುದು ಎಂದು ತಿಳಿದಿದ್ದ ನನಗೆ ಇದೂ ಅದೇ ಎಂದು ಹೊಳೆಯದಿದ್ದದ್ದಕ್ಕೆ ಅದೂ ಒಂದು ಕಾರಣ. ನನಗೆ ಆದದ್ದು ದುಃಖವಲ್ಲ, ಸಪ್ಪೆ. ಮಗಳು ತರಗತಿಗೆ ಮೊದಲಿಗಳಾಗಿ ಬಂದಾಗಲೂ, ಯಾರದೋ ಮನೆಯ ಸುದ್ದಿ ಕೇಳಿದಂತಿತ್ತು.

2024ರ ಬೇಸಿಗೆಯ ಒಂದು ಹಾಲ್ಟಿಂಗ್ ರಾತ್ರಿ. ಬಸ್ಸು ಅರಳಿಕಟ್ಟೆಯ ಪಕ್ಕ ನಿಂತಿತ್ತು, ಚಾಲಕ ಹಿಂದಿನ ಸೀಟಿನಲ್ಲಿ ಮಲಗಿದ್ದ. ನಾನಿಲ್ಲದಿದ್ದರೆ ಮನೆಯವರಿಗೆಲ್ಲ ಹಗುರ ಎಂಬ ಯೋಚನೆ ಆ ರಾತ್ರಿ ಬಂದು ಹೋಗಲಿಲ್ಲ, ಬಂದು ಕುಳಿತುಬಿಟ್ಟಿತು. ಅದರ ಶಾಂತತೆಗೇ ನನಗೆ ಭಯವಾಯಿತು. ಹೊಟ್ಟೆಗೆ ತೋರಿಸಲು ಹೋದಾಗ ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದ ಒಂದು ಸಂಖ್ಯೆ ನೆನಪಿತ್ತು: 14416. ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಸಹಾಯವಾಣಿ. ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು. ಆಗ ಇಷ್ಟೆಲ್ಲ ಗೊತ್ತಿರಲಿಲ್ಲ. ನೆನಪಿಡಲು ಸುಲಭವಾದ ಸಂಖ್ಯೆ ಎಂದು ತಲೆಯಲ್ಲಿ ಉಳಿದಿತ್ತು ಅಷ್ಟೇ.

ಆ ಕಡೆ ಒಬ್ಬ ಹೆಣ್ಣುಮಗಳು. ನಾನು ಅಲ್ಲಿಯೂ ಗ್ಯಾಸ್ಟ್ರಿಕ್ ಎಂದೇ ಶುರುಮಾಡಿದೆ! ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಆಮೇಲೆ ಒಂದು ಚೂರೂ ಸುತ್ತಿಬಳಸದೆ ‘ಸಾಯಬೇಕು ಎನ್ನಿಸಿದೆಯೇ ಸರ್?’ ಎಂದರು. ಆ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿದರೆ ಅಪಶಕುನ ಎಂದು ನಾವು ಹೆದರುತ್ತೇವೆ. ನನಗೆ ಮಾತ್ರ ಯಾರೋ ಬಾಗಿಲು ತೆಗೆದಂತಾಯಿತು. ‘ಹೌದು’ ಎಂದೆ. ಪಕ್ಕದಲ್ಲಿ ಯಾರಿದ್ದಾರೆ ಎಂದು ಕೇಳಿ, ಈಗಲೇ ಅವರನ್ನು ಎಬ್ಬಿಸಬೇಕು, ಬೆಳಗಿನವರೆಗೆ ಒಂಟಿಯಾಗಿರಬಾರದು ಎಂದರು. ಚಾಲಕನನ್ನು ಎಬ್ಬಿಸಿದೆ. ಅವನು ಕಾರಣ ಕೆದಕಲಿಲ್ಲ. ‘ಕುಳಿತುಕೊಳ್ಳಿ ಅಣ್ಣ’ ಎಂದು ಪಕ್ಕದಲ್ಲಿ ಕುಳಿತು, ಬೆಳಗಾಗುವವರೆಗೂ ಅವನ ಮನೆಯ ಹಸು ಕರು ಹಾಕಿದ ಕಥೆ ಹೇಳಿದ. ಅಷ್ಟು ಉದ್ದದ ಕರುವಿನ ಕಥೆಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಸಹಾಯವಾಣಿಯವರು ಹೇಳಿದ ಇನ್ನೊಂದು ಮಾತು ನನಗೆ ನಾಚಿಕೆ ತಂದಿತು. ಮನೋವೈದ್ಯರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕು, ಅಲ್ಲಿ ಯಾರಾದರೂ ನೋಡಿಬಿಟ್ಟರೆ ಎಂಬ ಅಳುಕು ನನಗಿತ್ತು. ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಗೇ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ಬರುತ್ತಾರೆ. ಆ ಆಸ್ಪತ್ರೆಯ ಗೇಟಿನ ಎದುರು ನನ್ನ ಬಸ್ಸು ದಿನಕ್ಕೆ ನಾಲ್ಕು ಸಲ ನಿಲ್ಲುತ್ತದೆ. ಹಿಂದಿನ ಒಂಬತ್ತು ತಿಂಗಳಲ್ಲಿ ಎಷ್ಟು ಮಂಗಳವಾರ ‘ಆಸ್ಪತ್ರೆ, ಆಸ್ಪತ್ರೆ, ಇಳಿಯಿರಿ’ ಎಂದು ಕೂಗಿದ್ದೆನೋ.

ಮೊದಲ ದಿನ ಆಪ್ತಸಮಾಲೋಚಕಿ ಒಂಬತ್ತು ಪ್ರಶ್ನೆ ಕೇಳಿದರು. ಕಳೆದ ಎರಡು ವಾರದಲ್ಲಿ ಆಸಕ್ತಿ, ನಿದ್ದೆ, ಹಸಿವು, ಏಕಾಗ್ರತೆ ಹೇಗಿದ್ದವು ಎಂದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27ಕ್ಕೆ ನನ್ನದು 19. ಚಿಲ್ಲರೆ ಎಣಿಸಿ ಬದುಕುವ ನನಗೆ ಆ ಸಂಖ್ಯೆ ಮಾತಿಗಿಂತ ಚೆನ್ನಾಗಿ ಅರ್ಥವಾಯಿತು. ವೈದ್ಯರು ಮೊದಲು ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕಡಿಮೆಯಾದರೂ ಹೀಗೆಯೇ ಸಪ್ಪಗಾಗಬಹುದಂತೆ. ಅವು ಸರಿಯಿದ್ದವು. ಆಮೇಲೆ ಎಸ್ಸಿಟಲೊಪ್ರಾಮ್ ಎಂಬ ಮಾತ್ರೆ ಬರೆದರು. ಅದು ನನಗೆ ಬರೆದದ್ದು. ಇದನ್ನು ಓದಿ ಅಂಗಡಿಯಲ್ಲಿ ಕೇಳಿ ತರಬೇಡಿ.

ಮಾತ್ರೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಜನ ಅದನ್ನು ಅರ್ಧಕ್ಕೆ ಬಿಟ್ಟುಬಿಡುತ್ತಾರೆ, ನಾನೂ ಬಿಟ್ಟವನೇ. ಮೊದಲ ವಾರ ಗುಣ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಕಂಡಿತು. ವಾಕರಿಕೆ, ಬಾಯಿ ಒಣಗುವುದು, ಕೈ ಸಣ್ಣಗೆ ನಡುಗುವುದು. ಎರಡು ವಾರದಿಂದ ಆರು ವಾರ ಬೇಕಾಗಬಹುದು ಎಂದು ವೈದ್ಯರು ಮೊದಲೇ ಎಚ್ಚರಿಸಿರದಿದ್ದರೆ ನಾಲ್ಕನೇ ದಿನಕ್ಕೇ ಎಸೆಯುತ್ತಿದ್ದೆ. ನಾಲ್ಕನೇ ವಾರ ಒಂದು ಬೆಳಗ್ಗೆ ಎಚ್ಚರವಾದಾಗ ಐದೂಕಾಲು. ಡ್ಯೂಟಿಗೆ ತಡವಾಗಿತ್ತು, ಬೈಸಿಕೊಂಡೆ, ಖುಷಿಯಾಯಿತು. ಮೂರನೇ ತಿಂಗಳು ಎಲ್ಲ ಸರಿಹೋಯಿತೆಂದು ಯಾರಿಗೂ ಹೇಳದೆ ನಿಲ್ಲಿಸಿದೆ. ಮೂರು ದಿನದಲ್ಲಿ ತಲೆ ತಿರುಗುವುದು, ಕತ್ತು ತಿರುಗಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ. ತಿಂಗಳೊಳಗೆ ಮೂರು ಗಂಟೆಯ ಎಚ್ಚರವೂ ವಾಪಸು ಬಂತು. ವೈದ್ಯರು ಗದರಲಿಲ್ಲ. ಗುಣ ಕಂಡ ಮೇಲೂ ಆರರಿಂದ ಒಂಬತ್ತು ತಿಂಗಳು ತೆಗೆದುಕೊಳ್ಳಬೇಕು, ನಿಲ್ಲಿಸುವಾಗ ಮೆಲ್ಲಗೆ ಇಳಿಸಬೇಕು ಎಂದು ಮತ್ತೆ ಮೊದಲಿನಿಂದ ಹೇಳಿದರು. ಮಾತ್ರೆಯ ಜೊತೆ ಸಂಸಾರದಲ್ಲೂ ಒಂದು ಬದಲಾವಣೆ ಆಗಿತ್ತು. ಅದನ್ನು ಕೇಳಲು ನಾಚಿಕೆಯಾಗಿ ನಾಲ್ಕು ತಿಂಗಳು ಸುಮ್ಮನಿದ್ದೆ. ಕೇಳಿದ ದಿನವೇ ಪ್ರಮಾಣ ಸರಿಪಡಿಸಿದರು.

ಹೆಂಡತಿಗೆ ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಹೇಳುವ ಮೊದಲೇ ಮಾತ್ರೆಯ ಹಾಳೆ ಅವಳ ಕೈಗೆ ಸಿಕ್ಕಿತು. ‘ಸಾಲ ಮಾಡಿಕೊಂಡಿದ್ದೀರಾ?’ ಎಂದಳು. ಒಂದು ವರ್ಷದಿಂದ ಅವಳು ಸಾಲಗಾರರು ಮನೆಗೆ ಬರುತ್ತಾರೆಂದು ಕಾಯುತ್ತಿದ್ದಳಂತೆ! ನಾನು ಬಾಯಿ ಬಿಡದಿದ್ದದ್ದಕ್ಕೆ ಅವಳೂ ಒಳಗೊಳಗೇ ಬೆಂದಿದ್ದಳು. ಕಚೇರಿಗೆ ಗೊತ್ತಾದರೆ ಎಂಬ ಭಯಕ್ಕೆ ಆಪ್ತಸಮಾಲೋಚಕಿ ಉತ್ತರ ಕೊಟ್ಟರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ರೋಗಿಯ ಹಕ್ಕು.

ಅದೇ ಆಪ್ತಸಮಾಲೋಚಕಿ ಕೊಟ್ಟ ಮನೆಪಾಠ ಮೊದಲು ಹಾಸ್ಯಾಸ್ಪದ ಎನಿಸಿತ್ತು. ಮನಸ್ಸು ಬರಲಿ ಎಂದು ಕಾಯಬೇಡಿ, ಕೆಲಸ ಮಾಡಿ, ಮನಸ್ಸು ಹಿಂದಿನಿಂದ ಬರುತ್ತದೆ ಎಂದರು. ದಿನಕ್ಕೆ ಒಂದು ಚಿಕ್ಕ ಕೆಲಸ, ಡೈರಿಯಲ್ಲಿ ಅದರ ಎದುರು ಹತ್ತಕ್ಕೆ ಎಷ್ಟು ಹಿತವಾಯಿತು ಎಂಬ ಅಂಕ. ಭಜನೆಗೆ ಹೋಗಿ ಹತ್ತೇ ನಿಮಿಷ ಕುಳಿತು ಬರಬೇಕು, ನುಡಿಸಬೇಕಾಗಿಲ್ಲ. ಮೊದಲ ಶನಿವಾರ ಹತ್ತಕ್ಕೆ ಒಂದು. ಎರಡನೆಯದು ಸೊನ್ನೆ, ಯಾರೋ ‘ಏನಪ್ಪಾ, ಸೊರಗಿ ಹೋಗಿದ್ದೀಯ’ ಎಂದಿದ್ದರು. ಐದನೇ ವಾರ ನುಡಿಸುವ ಹುಡುಗ ಬಂದಿರಲಿಲ್ಲ, ಹಾರ್ಮೋನಿಯಂ ನನ್ನ ಮುಂದಕ್ಕೆ ಸರಿಸಿದರು. ಒಂದು ಪದದಲ್ಲಿ ಶ್ರುತಿ ತಪ್ಪಿದೆ. ಡೈರಿಯಲ್ಲಿ ನಾಲ್ಕು ಎಂದು ಬರೆದುಕೊಂಡೆ.

ಈಗ ಮಾತ್ರೆ ಅರ್ಧಕ್ಕೆ ಇಳಿದಿದೆ. ಕಳೆದ ಸಲ ಆ ಒಂಬತ್ತು ಪ್ರಶ್ನೆಗಳಲ್ಲಿ ಐದು ಬಂತು. ಗ್ಯಾಸ್ಟ್ರಿಕ್ ಮಾತ್ರೆಯ ಡಬ್ಬಿಯಲ್ಲಿ ಮಗಳು ಹೇರ್‌ಪಿನ್ ಹಾಕಿಟ್ಟಿದ್ದಾಳೆ. ಮೊನ್ನೆ ಲೆಕ್ಕದಲ್ಲಿ ಹದಿನಾಲ್ಕು ರೂಪಾಯಿ ಕಡಿಮೆ ಬಂತು. ಜೇಬಿನಿಂದ ಹಾಕಿ ಕಟ್ಟಿ, ಮನೆಗೆ ಬಂದು ಮುದ್ದೆ ಉಂಡು ಮಲಗಿದೆ.