ಟ್ರಂಕಿನಲ್ಲಿರೋ ಹಳೇ ಬಾರ್ಬಿ ಮಾರೋ ಮುಂಚೆ ಇಷ್ಟು ನೋಡಿ

ಕಳೆದ ವಾರ ಬೆಳಗಾವಿಯ ಶಹಾಪುರದಲ್ಲಿ ಗೆಳತಿಯ ಮನೆ ಅಟ್ಟದಿಂದ ಒಂದು ಬಾರ್ಬಿ ಇಳಿಸಿದೆವು. ಬೆನ್ನ ಕೆಳಗೆ 1966 ಅಂತ ಅಚ್ಚಾಗಿತ್ತು. ಅಷ್ಟು ಹಳೇದಾ ಅಂತ ಅವಳಿಗೆ ಖುಷಿಯೋ ಖುಷಿ. ಆದರೆ ಅದು ತಯಾರಾದ ವರ್ಷ ಅಲ್ಲ, ಆ ಮೈಯ ವಿನ್ಯಾಸದ ಕಾಪಿರೈಟ್ ವರ್ಷ. 90ರ ದಶಕದ ಗೊಂಬೆಗಳ ಮೇಲೂ ಅದೇ ಇರುತ್ತದೆ. ತಯಾರಾದ ದೇಶದ ಹೆಸರನ್ನೂ ಓದಿ. ಬಾರ್ಬಿ ಮೊದಲು ಬಂದದ್ದು 1959ರಲ್ಲಿ, ಆಗಿನವು ಜಪಾನಿನಲ್ಲಿ ತಯಾರಾದವು.

ಆಮೇಲೆ ಕಿವಿ ನೋಡಿ. ಹಳೇ ಗೊಂಬೆಗಳಲ್ಲಿ ಓಲೆಯ ಲೋಹದಿಂದ ಕಿವಿ ಸುತ್ತ ಹಸಿರು ಕಲೆ ಹರಡುತ್ತದೆ, ಬೆಲೆ ಬೀಳುತ್ತದೆ. ಓಲೆ ಮೆಲ್ಲಗೆ ತೆಗೆದು ಬೇರೆ ಇಡಿ. ಥಿನ್ನರ್ ಹಚ್ಚಿ ತಿಕ್ಕಬೇಡಿ, ಮುಖದ ಬಣ್ಣವೂ ಹೋಗುತ್ತದೆ.

ಅಟ್ಟದ ಧೂಳನ್ನು ಸುಮ್ನೆ ಗುಡಿಸಿ ಚೆಲ್ಲಬೇಡಿ! ನಮಗೆ ಕಡಲೆಕಾಳಿನಷ್ಟು ಚಪ್ಪಲಿ ಒಂದು ಸಿಕ್ಕಿತು, ಜೋಡಿಗಾಗಿ ಅರ್ಧ ದಿನ ಹುಡುಕಿದೆವು. ಜೋಡಿ ಇದ್ದರೆ ಬೆಲೆ ಜಾಸ್ತಿ. ಕಂಪನಿಯ ಲೇಬಲ್ ಇರುವ ಬಟ್ಟೆಗೂ ಹಾಗೇ. ಅವಳ ಅಜ್ಜಿ ಇಳಕಲ್ ಸೀರೆಯ ತುಂಡಿನಲ್ಲಿ ಹೊಲಿದ ಪುಟ್ಟ ಲಂಗಕ್ಕೆ ಕೊಳ್ಳುವವರು ದುಡ್ಡು ಕೊಡಲಿಕ್ಕಿಲ್ಲ, ಆದರೂ ಅದನ್ನು ಮಾರಬೇಡ ಅಂದೆ.

ನಮ್ಮೂರ ಮಳೆಗಾಲದ ತೇವಕ್ಕೆ ಬಟ್ಟೆಗೆ ಬೂಷ್ಟು ಬರುತ್ತದೆ. ತೊಳೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ಬೆಲೆ ಕಟ್ಟುವಾಗ ಆನ್‌ಲೈನ್‌ನಲ್ಲಿ ಮಾರುವವರು ಕೇಳಿದ ರೇಟು ನಂಬಬೇಡಿ, ನಿಜವಾಗಿ ಮಾರಾಟವಾದ ರೇಟು ಹುಡುಕಿ.