ಹೊಸ ಚೈನ್ ಹಾಕಿದ ಮೇಲೆ ಹಲ್ಲು ಹಾರುತ್ತಿದ್ದ ಸೈಕಲ್

ಹಿಂದೆ 11 ಗೇರಿರುವ ರೋಡ್ ಬೈಕ್, 11-28 ಕ್ಯಾಸೆಟ್ (ಹಿಂಚಕ್ರದ ಹಲ್ಲುಗಾಲಿಗಳ ಗೊಂಚಲು; ಅತಿ ಚಿಕ್ಕದಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 28). ಹೊಸ ಚೈನ್ ಹಾಕಿದ ಬೆನ್ನಿಗೇ ಜೋರಾಗಿ ತುಳಿದಾಗಲೆಲ್ಲ ಟಕ್ ಅಂತ ಜಾರತೊಡಗಿತು. ಗೇರ್ ಕೇಬಲ್ಲಿನ ಬಿಗಿ ಸರಿಪಡಿಸುವ ಬ್ಯಾರಲ್ ಅಡ್ಜಸ್ಟರ್ ಎಷ್ಟು ತಿರುಗಿಸಿದರೂ ಅಷ್ಟೇ.

ಯಾವ ಗೇರಿನಲ್ಲಿ ಜಾರುತ್ತದೆ ಅನ್ನುವುದೇ ಇಲ್ಲಿ ಸುಳಿವು. ಎಲ್ಲ ಗೇರಿನಲ್ಲೂ ಜಾರಿದರೆ ಇಂಡೆಕ್ಸಿಂಗ್ (ಗೇರ್ ಹೊಂದಾಣಿಕೆ) ತಪ್ಪಿದೆ, ಇಲ್ಲವೇ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಡಿರೇಲರನ್ನು ಹಿಡಿದಿರುವ ಹ್ಯಾಂಗರ್ ಬಾಗಿದೆ. ಪೆಡಲ್ ಎರಡು ಮೂರು ಸುತ್ತು ಬಂದಾಗೊಮ್ಮೆ ಲೆಕ್ಕ ಹಾಕಿದಂತೆ ಜಾರಿದರೆ ಒಂದು ಕೊಂಡಿ ಬಿಗಿದುಕೊಂಡಿದೆ. ನನ್ನದು 15 ಮತ್ತು 17 ಹಲ್ಲಿನ ಗಾಲಿಗಳಲ್ಲಿ ಮಾತ್ರ, ಅಂದರೆ ದಿನವೂ ಹೆಚ್ಚು ತುಳಿಯುವ ಗೇರುಗಳಲ್ಲಿ. ನಂದಿ ಬೆಟ್ಟದ ಏರಿಗೆ ಬಳಸುವ 25, 28ರಲ್ಲಿ ಏನೂ ತೊಂದರೆಯಿಲ್ಲ. ಹತ್ತಿರದಿಂದ ನೋಡಿದರೆ 15 ಮತ್ತು 17ರ ಹಲ್ಲುಗಳು ಒಂದೇ ಕಡೆ ಸವೆದು ಕೊಕ್ಕೆಯಂತೆ ಬಾಗಿದ್ದವು. ಹಳೇ ಚೈನ್ ಹಿಗ್ಗುತ್ತಾ ಹಲ್ಲನ್ನೂ ತನ್ನ ಅಳತೆಗೆ ತೇಯ್ದಿತ್ತು. ಹೊಸದು ಅಲ್ಲಿ ಕೂರುತ್ತಿರಲಿಲ್ಲ.

ಪರಿಹಾರ ಕ್ಯಾಸೆಟ್ ಬದಲಿಸುವುದೊಂದೇ. ಕ್ಯಾಸೆಟ್ ತಿರುಗದಂತೆ ಚೈನ್ ವಿಪ್ ಎಂಬ ಉಪಕರಣದಿಂದ ಹಿಡಿದು, ಅದನ್ನು ಬಿಗಿದಿಟ್ಟಿರುವ ಲಾಕ್‌ರಿಂಗ್ ಬಿಚ್ಚಿ, ಅದು ಕೂರುವ ಫ್ರೀಹಬ್ ಒರೆಸಿ, ತೆಳುವಾಗಿ ಗ್ರೀಸ್ ಸವರಿ, ಹೊಸದನ್ನು 40 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿದೆ. ಜಾರುವುದು ನಿಂತಿತು.

ಇನ್ನು ಮುಂದೆ ಚೈನ್ ಎಷ್ಟು ಹಿಗ್ಗಿದೆ ಎಂದು ಅಳೆಯುವ ಚೈನ್ ಚೆಕರ್ ಶೇ. 0.5 ತೋರಿಸಿದರೆ ಚೈನ್ ಬದಲು. ಚೆಕರ್ ಇಲ್ಲದವರಿಗೆ ಸ್ಟೀಲ್ ಸ್ಕೇಲ್ ಸಾಕು: ಪಿನ್ನಿನಿಂದ ಪಿನ್ನಿಗೆ 12 ಪೂರ್ಣ ಕೊಂಡಿ (ಒಳ-ಹೊರ ಜೋಡಿ ಸೇರಿ ಒಂದು) ಸರಿಯಾಗಿ 12 ಇಂಚು ಇರಬೇಕು, 1/16 ಇಂಚು ಹೆಚ್ಚಾದರೆ ಬದಲಿಸುವ ಹೊತ್ತು, 1/8 ಆದರೆ ಕ್ಯಾಸೆಟ್ಟೂ ಬಹುತೇಕ ಹೋದಂತೆಯೇ. ಡೈರೆಕ್ಟ್ ಡ್ರೈವ್ ಟ್ರೇನರ್ (ಹಿಂಚಕ್ರ ತೆಗೆದು ಸೈಕಲ್ ಕೂರಿಸಿ ಮನೆಯೊಳಗೇ ತುಳಿಯುವ ಯಂತ್ರ) ಇದ್ದರೆ ಅದರ ಕ್ಯಾಸೆಟ್ಟನ್ನೂ ನೋಡಿ. ಅದು ಕಡಿಮೆ ಸವೆದಿದ್ದರೆ ಹಿಗ್ಗಿದ ಹಳೇ ಚೈನ್ ಅಲ್ಲಿ ಗಲಾಟೆ ಮಾಡಬಹುದು.