ಹಿನ್ನೀರಿಗೆ ತೆಪ್ಪ ಇಳಿಸುವ ಮೊದಲು

ನಮ್ಮ ಅಕ್ಕನ ಮಗ ಹೋದ ವಾರ ಹೊಸ ಫೈಬರ್ ತೆಪ್ಪ ತಂದಿದ್ದಾನೆ. "ಚಿಗವ್ವ, ಎಲ್ಲಾ ಹೇಳಿಕೊಡು" ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನ ಹಾಗೆ ಹೊಸದಾಗಿ ನೀರಿಗೆ ಇಳಿಯುವವರು ಈಗ ಬಹಳ ಮಂದಿ ಇದ್ದಾರೆ.

ನಾವು ಬೀಳಗಿ ಕಡೆಯವರು. ಆಲಮಟ್ಟಿ ಹಿನ್ನೀರು ನಮ್ಮ ಊರಿನ ಹೊಲದ ತನಕ ಬರುತ್ತದೆ. ಹದಿನೆಂಟು ವರ್ಷದಿಂದ ಇವರು ಬಲೆ ಬಿಡುತ್ತಾರೆ, ನಾನು ಹುಟ್ಟು ಹಾಕುತ್ತೇನೆ. ಕಾಟ್ಲಾ ಎಲ್ಲಿ ಸಿಗುತ್ತದೆ, ಬಾಳೆಮೀನು ಯಾವಾಗ ಓಡಾಡುತ್ತದೆ ಅನ್ನುವುದನ್ನು ಇವರನ್ನು ಕೇಳಿ. ವಾಪಸ್ ದಡಕ್ಕೆ ಬರುವುದು ಹೇಗೆ ಅನ್ನುವುದನ್ನು ನಾನು ಹೇಳುತ್ತೇನೆ.

ಮೊದಲು, ನೀವು ಆಣೆಕಟ್ಟೆಯ ಯಾವ ಕಡೆ ಇದ್ದೀರಿ ನೋಡಿಕೊಳ್ಳಿ. ಕೃಷ್ಣೆ ಒಂದೇ ಆದರೂ ಭಯ ಬೇರೆ ಬೇರೆ. ಕಟ್ಟೆಯ ಕೆಳಗೆ, ಕೂಡಲಸಂಗಮದ ದಿಕ್ಕಿಗೆ, ಭಯ ಇರುವುದು ಬಿಡುವ ನೀರಿನದು. ಕಟ್ಟೆಗೆ 26 ಗೇಟುಗಳಿವೆ, ಪಕ್ಕದಲ್ಲೇ ವಿದ್ಯುತ್ ತಯಾರಿಸುವ ಮನೆ ಇದೆ. ಯಂತ್ರ ಶುರುವಾದರೆ ಸುಮ್ನೆ ನಿಂತಿದ್ದ ನೀರು ಸೆಳೆಯತೊಡಗುತ್ತದೆ. ಅಲ್ಲಿ ಮೀನು ಜಾಸ್ತಿ ಅಂತ ಕಟ್ಟೆಯ ಬುಡಕ್ಕೆ ಹೋಗುವವರಿದ್ದಾರೆ. ಹೋಗಲೇಬೇಡಿ. ಸೈರನ್ ಕೇಳಿದರೆ ಬಲೆ ಅಲ್ಲೇ ಬಿಟ್ಟು ದಡ ಸೇರಿ.

ಮೇಲೆ ಜಮಖಂಡಿ, ರಬಕವಿ, ಚಿಕ್ಕೋಡಿ ಕಡೆ ಭಯ ಮಹಾರಾಷ್ಟ್ರದಿಂದ ಬರುತ್ತದೆ. ನಮ್ಮಲ್ಲಿ ಬಿಸಿಲಿದ್ದರೂ ಕೊಯ್ನಾ ಕಡೆ ಮಳೆ ಹೊಡೆದರೆ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಅದನ್ನು ಎಲ್ಲರೂ ಕಂಡಿದ್ದೇವೆ. ಬೆಳಿಗ್ಗೆ ನೀರಿನ ಅಂಚಿನಲ್ಲಿ ಒಂದು ಕೋಲು ನೆಡಿ. ಒಂದು ತಾಸಿನಲ್ಲಿ ಅದು ಒಂದು ಗೇಣು ಮುಳುಗಿದರೆ ಅವತ್ತಿನ ಕೆಲಸ ಮುಗಿಯಿತು. ನೀರು ಕೆಂಪಾಗಿ, ಕಬ್ಬಿನ ರವದಿ, ಕಸಕಡ್ಡಿ ತೇಲಿ ಬಂದರೂ ಅಷ್ಟೇ.

ನಮ್ಮ ಹಿನ್ನೀರಿನಲ್ಲಿ ಭಯ ಗಾಳಿಯದು. ಕೊಲ್ಹಾರ ಸೇತುವೆ ಮೇಲೆ ಬಸ್ಸಿನಲ್ಲಿ ಹೋದವರಿಗೆ ಗೊತ್ತು, ಅಲ್ಲಿ ನೀರು ಎಷ್ಟು ಅಗಲ ಅಂತ. ಅಷ್ಟು ಬಯಲಲ್ಲಿ ಗಾಳಿಯನ್ನು ತಡೆಯುವುದು ಏನೂ ಇಲ್ಲ. ಆಷಾಢದಲ್ಲಿ ಪಡುವಣ ಗಾಳಿ ದಿನವಿಡೀ ಬೀಸುತ್ತದೆ. ಮೀನು ಮೊಟ್ಟೆ ಇಡುವ ಕಾಲವೂ ಅದೇ, ಆಗ ಬಲೆ ಮಡಚಿ ಇಡಿ. ಏಪ್ರಿಲ್, ಮೇ ತಿಂಗಳ ಗಾಳಿ ಇನ್ನೂ ಕೆಟ್ಟದ್ದು. ಮಧ್ಯಾಹ್ನದ ತನಕ ನೀರು ಕನ್ನಡಿಯ ಹಾಗೆ ಇರುತ್ತದೆ. ಮೂರು, ನಾಲ್ಕು ಗಂಟೆಗೆ ಪಡುವಣಕ್ಕೆ ಕಪ್ಪು ಮೋಡ ಏಳುತ್ತದೆ. ಗಾಳಿ ನಿಮ್ಮ ಹತ್ತಿರ ಬರುವ ಮೊದಲು ನೀರಿನ ಮೇಲೆ ಕರಿ ಪಟ್ಟಿ ಓಡಿ ಬರುತ್ತದೆ. ಅದು ಕಂಡ ಮೇಲೆ ನಿಮಗಿರುವುದು ಕೆಲವೇ ನಿಮಿಷ.

ಒಂದು ಮೇ ತಿಂಗಳು ಹಾಗೇ ಆಯಿತು. ಮೋಡ ನೋಡಿ ನಾನು "ಸಾಕು, ತಿರುಗಿಸುತ್ತೇನೆ" ಅಂದೆ. ಇವರು "ಇದೊಂದು ಬಲೆ ಎತ್ತಿಬಿಡೋಣ" ಅಂದರು. ನಾನು ಸುಮ್ಮನಾದೆ. ಅದೇ ತಪ್ಪಾಯಿತು. ಅರ್ಧ ಬಲೆ ತೆಪ್ಪದಲ್ಲಿ, ಅರ್ಧ ನೀರಲ್ಲಿ ಇದ್ದಾಗ ಗಾಳಿ ಬಡಿಯಿತು. ನೀರಲ್ಲಿದ್ದ ಬಲೆ ಒಂದು ಅಂಚನ್ನು ಕೆಳಗೆ ಎಳೆಯುತ್ತಿತ್ತು, ಅಲೆ ಅದೇ ಅಂಚಿನಿಂದ ಒಳಗೆ ಬರುತ್ತಿತ್ತು. ಕುಡಗೋಲಿನಿಂದ ಬಲೆ ಕೊಯ್ದೆವು. ನಮ್ಮ ಊರ ದಡ ಗಾಳಿಗೆ ಎದುರು ಇತ್ತು. ಆ ಕಡೆ ಹುಟ್ಟು ಹಾಕಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ. ಗಾಳಿ ಒಯ್ದ ಕಡೆಗೇ ಬಿಟ್ಟುಕೊಟ್ಟು, ತೆಪ್ಪ ಗಿರಗಿರ ತಿರುಗದ ಹಾಗೆ ಮಾತ್ರ ನೋಡಿಕೊಂಡೆ. ಇವರು ಡಬ್ಬಿಯಿಂದ ನೀರು ಚೆಲ್ಲುತ್ತಾ ಹೋದರು. ಯಾರದೋ ಕಬ್ಬಿನ ಗದ್ದೆಗೆ ಹೋಗಿ ಹತ್ತಿದೆವು. ಎಂಟು ಸಾವಿರದ ಬಲೆ ಹೋಯಿತು. ಅವತ್ತಿನಿಂದ ತಿರುಗಿಸುವ ಮಾತು ಹುಟ್ಟು ಹಿಡಿದವರದ್ದೇ. ಬಲೆ ಹಿಡಿದವರು ಎದುರು ಮಾತಾಡುವ ಹಾಗಿಲ್ಲ.

ಗಾಳದ ಹತ್ತಿರ, ಬಲೆಯ ಹತ್ತಿರ ಕುಡಗೋಲು ಇಲ್ಲವೇ ಹರಿತವಾದ ಚಾಕು ಯಾವಾಗಲೂ ಇರಲಿ, ದಾರದಿಂದ ಕಟ್ಟಿರಲಿ. ಬಲೆಯ ಹಗ್ಗವನ್ನು ಕೈಗೆ, ಸೊಂಟಕ್ಕೆ ಸುತ್ತಿಕೊಳ್ಳಬೇಡಿ. ಕಲ್ಲಿನ ಲಂಗರು ಬಿಟ್ಟರೆ ಎಳೆದ ತಕ್ಷಣ ಬಿಚ್ಚುವ ಗಂಟು ಹಾಕಿ.

ತೆಪ್ಪ ದುಂಡಗಿದೆ, ಅದಕ್ಕೆ ಮೂತಿ ಇಲ್ಲ. ಇಬ್ಬರೂ ಒಂದೇ ಕಡೆ ಬಾಗಿದರೆ ಮಗುಚುತ್ತದೆ. ಒಬ್ಬರು ಬಲೆ ಎಳೆಯುವಾಗ ಇನ್ನೊಬ್ಬರು ಎದುರು ಅಂಚಿನಲ್ಲಿ ಮಂಡಿಯೂರಿ ಕೂರಬೇಕು. ನಿಂತು ಎಳೆಯಬೇಡಿ. ಒದ್ದೆ ಬಲೆ, ಮೀನಿನ ಬುಟ್ಟಿ ನಡುವೆ ಇರಲಿ. ನೀರಿನಿಂದ ಅಂಚಿನ ತನಕ ಒಂದು ಗೇಣಿಗಿಂತ ಕಡಿಮೆ ಉಳಿದರೆ ಭಾರ ಜಾಸ್ತಿಯಾಯಿತು ಅಂತ ತಿಳಿಯಿರಿ.

ಲೈಫ್ ಜಾಕೆಟ್ ತೆಪ್ಪದಲ್ಲಿ ಇಟ್ಟರೆ ಸಾಲದು, ಮೈಮೇಲೆ ಇರಬೇಕು. ಹಾಕಿಕೊಂಡು ಇನ್ನೊಬ್ಬರಿಗೆ ಭುಜದ ಹತ್ತಿರ ಮೇಲಕ್ಕೆ ಎತ್ತಲು ಹೇಳಿ. ಗದ್ದಕ್ಕೆ ಬಂತೆಂದರೆ ಪಟ್ಟಿ ಸಡಿಲ ಇದೆ. ನಮ್ಮ ಮಾವನವರ ಕಾಲದಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜುತ್ತಿದ್ದರು. ನಾವು ಜಾಕೆಟ್ ಜೊತೆಗೆ ಮುಚ್ಚಳ ಬಿಗಿದ ಎರಡು ಖಾಲಿ ಡಬ್ಬಿಗಳನ್ನೂ ತೆಪ್ಪಕ್ಕೆ ಕಟ್ಟುತ್ತೇವೆ. ಹೆಣ್ಣುಮಕ್ಕಳಿಗೆ ಒಂದು ಮಾತು. ಸೀರೆ ಉಟ್ಟು ಹೋಗಬೇಡಿ, ಇಲ್ಲವೇ ಕಚ್ಚೆ ಹಾಕಿ. ಒದ್ದೆ ಸೀರೆ ಕಾಲಿಗೆ ಸುತ್ತಿದರೆ ಈಜು ಬಂದರೂ ಉಪಯೋಗವಿಲ್ಲ. ನಾನು ಚೂಡಿದಾರ ಹಾಕುತ್ತೇನೆ. ಅತ್ತೆ ಮೊದಲು ಬೈದರು, ಈಗ ಅವರೇ ಒಗೆದು ಇಡುತ್ತಾರೆ.

ಬೇಸಿಗೆಯಲ್ಲಿ ನೀರು ಇಳಿದಾಗ ಜಾಲಿಯ ಮೋಟು, ಮುಳುಗಿದ ಊರುಗಳ ಗೋಡೆ, ಹಳೆಯ ಬಾವಿ ಎಲ್ಲ ನೀರಿನ ಮಟ್ಟಕ್ಕೇ ಬರುತ್ತವೆ. ನಿಧಾನ ಹೋಗಿ. ಬಲೆ ಸಿಕ್ಕಿದರೆ ಬಿಡಿಸಲು ಮುಳುಗಬೇಡಿ. ದಡದ ಎರೆ ಕೆಸರಲ್ಲಿ ಮಂಡಿ ತನಕ ಕಾಲು ಹೂತುಹೋಗುತ್ತದೆ, ಅದಕ್ಕೇ ಕಲ್ಲು ಇರುವ ಕಡೆ ಇಳಿಯಿರಿ. ರೈತರ ಪಂಪ್‌ಸೆಟ್ ಪೈಪಿಗೆ ತೆಪ್ಪ ಕಟ್ಟಬೇಡಿ. ವೈರ್ ಎಲ್ಲಿ ಕಿತ್ತಿರುತ್ತದೋ ಹೇಳಲು ಬರುವುದಿಲ್ಲ.

ಮೊಸಳೆ ಇವೆ. ಚಳಿಗಾಲದಲ್ಲಿ ದಡದ ಮೇಲೆ ಬಿಸಿಲು ಕಾಯುತ್ತವೆ. ಫೆಬ್ರವರಿಯಿಂದ ದಡದಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ಆಗ ತಾಯಿ ಹತ್ತಿರ ಬಿಡುವುದಿಲ್ಲ. ಕತ್ತಲಾದ ಮೇಲೆ ಎದೆಮಟ್ಟದ ನೀರಲ್ಲಿ ನಿಂತು ಬಲೆ ಎತ್ತಬೇಡಿ. ಮೀನಿನ ಹೊಟ್ಟೆ ಸೀಳಿ ಕರುಳನ್ನು ತೆಪ್ಪದ ಪಕ್ಕಕ್ಕೆ ಎಸೆಯಬೇಡಿ. ಅದನ್ನು ಹೊಡೆಯುವುದೂ ಬೇಡ, ದೂರ ಇದ್ದರೆ ಸಾಕು.

ನೀರಿಗೆ ಬಿದ್ದರೆ ತೆಪ್ಪದೊಳಗೆ ಹತ್ತಲು ಹೋಗಬೇಡಿ, ಅದು ನಿಮ್ಮ ಮೇಲೇ ಮಗುಚುತ್ತದೆ. ಅಂಚು ಹಿಡಿದು ತೇಲಿ, ಕಾಲು ಬಡಿಯುತ್ತಾ ದಡಕ್ಕೆ ತಳ್ಳಿ. ತೆಪ್ಪ ಮಗುಚಿದರೂ ಅದನ್ನೇ ಹಿಡಿಯಿರಿ, ಈಜಿ ದಡ ಸೇರುತ್ತೇನೆ ಅಂತ ಬಿಟ್ಟು ಹೋಗಬೇಡಿ. ಮೊಬೈಲ್ ಪ್ಲಾಸ್ಟಿಕ್ ಚೀಲದಲ್ಲಿ ಕೊರಳಿಗೆ ಕಟ್ಟಿರಲಿ, 112ಕ್ಕೆ ಕರೆ ಮಾಡಿ.

ಹೋಗುವಾಗ ಯಾವ ಕಡೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿ. ಮೀನುಗಾರಿಕೆ ಇಲಾಖೆಯ ಲೈಸನ್ಸ್ ಮಾಡಿಸಿ. ಅಕ್ಕನ ಮಗನಿಗೆ ಹೇಳಿದ್ದೇನೆ, ಮೊದಲ ಹತ್ತು ದಿನ ಬಲೆ ಇಲ್ಲದೆ, ದಡದ ಹತ್ತಿರ ಹುಟ್ಟು ಮಾತ್ರ ಹಾಕಬೇಕು. ಈಗ ನಾಲ್ಕನೇ ದಿನ. ಇನ್ನೂ ತೆಪ್ಪ ಸುತ್ತುತ್ತಲೇ ಇದೆ.